ಉಳ್ಳಾಗಡ್ಡಿಯ ದರ ಬೋರ್ಡಿನಲ್ಲಿ ಏಕಿಲ್ಲ?

ಅಂಗಡಿ ದರಗಳನ್ನು ನೋಡಿಕೊಳ್ಳುವ ಕಚೇರಿಯ ಮಾನ್ಯ ಸಾಹೇಬರೇ,

ಬೋರ್ಡಿನಲ್ಲಿ ಒಂದು ದರ ಬರೆದು, ಉಂಡ ಮೇಲೆ ಇನ್ನೊಂದು ವಸೂಲಿ ಮಾಡುವುದನ್ನು ನಿಷೇಧಿಸಿ ಎಂದು ನಾನು ಕೊಟ್ಟ ಅರ್ಜಿಗೆ ತಮ್ಮ ಉತ್ತರ ಮುಟ್ಟಿತು. ನಿಷೇಧಿಸಿದರೆ ತಪಾಸಣೆಗೆ ಸಿಬ್ಬಂದಿ ಬೇಕು, ಜೀಪು ಬೇಕು, ಅದು ಸರ್ಕಾರಕ್ಕೆ ಆರ್ಥಿಕ ಹೊರೆ. ಮೇಲಾಗಿ ಆ ಹೆಚ್ಚುವರಿ ದರಗಳ ಮೇಲಿನ ತೆರಿಗೆಯೂ ಖೋತಾ ಎಂದಿದ್ದೀರಿ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಕಾಗದವನ್ನು ಮೂರು ಸಲ ಓದಿಸಿ ಕೇಳಿದೆ. ನನ್ನ ಒಂದು ಅರ್ಜಿಯಿಂದ ಸರ್ಕಾರ ಮುಳುಗಿದರೆ ಪಾಪ ನನ್ನ ತಲೆಗೆ ಬಂದೀತೇ ಎಂದು ಎರಡು ದಿನ ಒಲೆಯ ಮುಂದೆ ಅದೇ ಚಿಂತೆ. ಒಂದು ಹಂಚು ರೊಟ್ಟಿ ಸೀದೇ ಹೋಯಿತು.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಖಾನಾವಳಿ ಇದೆ. ಕಾಲುವೆ ನೀರು ಬಂದ ಮೇಲೆ ಭತ್ತದ ಕೆಲಸಕ್ಕೆ ಓಡಾಡುವ ಮಂದಿಯೇ ನನ್ನ ಗಿರಾಕಿಗಳು. ನನ್ನ ಬೋರ್ಡಿನಲ್ಲಿ 'ಊಟ ಎಂಬತ್ತು'. ರೊಟ್ಟಿಗೆ ನೆಂಚಿಕೊಳ್ಳುವ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೊಸರು ಎಲ್ಲ ಅದರಲ್ಲೇ. ನಮ್ಮ ಕಡೆ ತಟ್ಟೆಯಲ್ಲಿಟ್ಟ ಉಳ್ಳಾಗಡ್ಡಿಗೆ ಎಷ್ಟು ಎಂದು ಕೇಳುವುದು ಬೀಗರ ಮನೆಯಲ್ಲಿ ನೀರಿಗೆ ಎಷ್ಟು ಎಂದು ಕೇಳಿದಂತೆ. ಎದುರಿನ ಹೊಸ ಹೋಟೆಲಿನವರು ಆಳೆತ್ತರದ ಅಕ್ಷರದಲ್ಲಿ 'ಊಟ ಐವತ್ತು' ಎಂದು ಬರೆಸಿದ್ದಾರೆ.

ವಡಗೇರಾ ಕಡೆಯ ಅಂಬ್ರಪ್ಪ, ಹೆಂಡತಿ ಲಾಲಮ್ಮನ ಕಣ್ಣು ತೋರಿಸಲು ಬಂದವನು, ಆ ಐವತ್ತನ್ನು ಓದಿ ಒಳಗೆ ಹೋದ. ಇಬ್ಬರದು ನೂರಾಗಬೇಕಿತ್ತು. ತಲೆಗೆ ಉಳ್ಳಾಗಡ್ಡಿ ಹತ್ತು, ಹಿಂಡಿ ಹತ್ತು, ಮೊಸರು ಹದಿನೈದು, ಫ್ಯಾನಿನ ಕೆಳಗೆ ಕೂತದ್ದಕ್ಕೆ ಐದು ಸೇರಿ ನೂರಾ ಎಂಬತ್ತಾಯಿತು. ಬಸ್ಸಿನ ರೊಕ್ಕವೂ ಅಲ್ಲೇ ಹೋಗಿ, ಇಬ್ಬರೂ ನನ್ನ ಬಾಗಿಲಿಗೆ ಬಂದು ನಿಂತರು.

"ಅಕ್ಕಾ, ಓದಾಕ ಬರಲಾರದಾಗ ಬಾಗಿಲಾಗ ನಿಂತು, ಎಲ್ಲಾ ಸೇರಿ ಎಷ್ಟಾಕೈತ್ರಿ ಅಂತ ಕೇಳ್ತಿದ್ದೆ," ಎಂದ ಅಂಬ್ರಪ್ಪ. "ಈಗ ರಾತ್ರಿ ಶಾಲ್ಯಾಗ ಅಕ್ಷರ ಕಲ್ತೀನಲ್ರಿ, ಅದಕ್ಕ ಕೇಳಲಿಲ್ಲ."

"ದೊಡ್ಡ ಮಾಸ್ತರ ಆಗ್ಯಾನ್ರಿ ಇಂವ," ಎಂದಳು ಲಾಲಮ್ಮ. "ಎರಡಕ್ಷರಕ್ಕ ಎಂಬತ್ತು ರೂಪಾಯಿ ಫೀಸು ಕಟ್ಟಿ ಬಂದಾನ."

ಸಾಹೇಬರೇ, ಓದು ಕಲಿಸಿದ್ದು ತಮ್ಮದೇ ಸರ್ಕಾರ. ಓದಿದ್ದನ್ನು ನಂಬಬೇಡ ಎಂದು ಯಾವ ಪಾಠದಲ್ಲಿ ಕಲಿಸಿದ್ದೀರಿ?

ತಡೆಯಲಾಗದೆ ನಾನೇ ಎದುರಿಗೆ ಹೋಗಿ ಕೇಳಿದೆ. ಗಲ್ಲೆಯ ಮೇಲೆ ಕೂತ ಮಾಲೀಕ ನಕ್ಕ: "ಬೋರ್ಡ್ ಇರಾದು ಮಂದಿನ ಒಳಗ ಕರಿಯಾಕ್ರೀ ಅಕ್ಕಾ. ನೀವೂ ಕರೀರಿ, ಬ್ಯಾಡ ಅಂದೋರ್ಯಾರು?" ಆಗ ಅವರ ಬಿಲ್ಲು ನೋಡಿದೆ. ಮಶೀನಿನಲ್ಲಿ ಬರುವುದು ಬರೀ ಐವತ್ತು. ಉಳಿದ ನಲವತ್ತನ್ನು ಪೆನ್ಸಿಲ್ಲಿನಲ್ಲಿ ಚೀಟಿಯ ಹಿಂದೆ ಗೀಚುತ್ತಾರೆ. ಹಾಗಾದರೆ ಆ ನಲವತ್ತರ ತೆರಿಗೆ ಯಾವ ದಾರಿಯಿಂದ ತಮ್ಮ ಖಜಾನೆಗೆ ಬಂತು? ಬಾರದೇ ಇದ್ದದ್ದು ಖೋತಾ ಆಗುವುದು ಹೇಗೆ? ಬೋರ್ಡಿನದೇ ಕಡೆಯ ದರ ಎಂದರೆ ಅವರು ತೊಂಬತ್ತೆಂದೇ ಬರೆಸಬೇಕು, ತೊಂಬತ್ತಕ್ಕೆ ತೊಂಬತ್ತೂ ಮಶೀನಿಗೆ ಬರಬೇಕಾಗುತ್ತದೆ. ಆದಾಯ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಇನ್ನು ಜೀಪು. ಬೋರ್ಡು ಬೀದಿಗೇ ಮುಖ ಮಾಡಿ ನಿಂತಿದೆ, ಅದನ್ನು ಓದಲು ಜೀಪು ಏಕೆ? ಚೀಟಿ ಹಿಡಿದು ಬಂದವನ ದೂರು ಬರೆದುಕೊಳ್ಳಲು ಒಂದು ಕುರ್ಚಿ, ಒಬ್ಬ ಗುಮಾಸ್ತ ಸಾಕು. ನಾಲ್ಕು ಹೋಟೆಲಿಗೆ ದಂಡ ಬಿದ್ದರೆ ಕುರ್ಚಿಯ ಖರ್ಚು ಹುಟ್ಟುತ್ತದೆ. ಇಷ್ಟು ಬರೆದದ್ದಕ್ಕೆ, ಇಲ್ಲವೆಂದ ಜೀಪು ಮೊದಲು ನನ್ನ ಬಾಗಿಲಿಗೇ ಬಂದೀತೆಂಬ ಹೆದರಿಕೆಯೂ ಇದೆ. ಬಂದರೆ ಬರಲಿ, ಊಟ ಮಾಡಿಕೊಂಡು ಹೋಗಲಿ.

ನನ್ನಲ್ಲಿ ದಿನಕ್ಕೆ ಅರವತ್ತು ಮಂದಿ ಉಣ್ಣುತ್ತಿದ್ದಲ್ಲಿ ಈಗ ಇಪ್ಪತ್ತು. ರೊಟ್ಟಿ ಬಡಿಯುವ ದುರಗಮ್ಮ ಮೊನ್ನೆ ಹೇಳಿದಳು: "ಅಕ್ಕಾ, ನಾವೂ ಐವತ್ತಂತ ಬರಸೂನು. ಉಳ್ಳಾಗಡ್ಡಿದು ಆಮ್ಯಾಗ ನೋಡೂನು. ಇಲ್ಲಾಂದ್ರ ಬಾಗಲಾ ಹಾಕೂದ ಗತಿ." ಬೈಯಲು ಹೊರಟವಳು ಪೇಂಟರನಿಗೆ ಹೇಳಿ ಕಳಿಸಿದೆ.

ಪೇಂಟರ್ ಸುಲ್ತಾನಸಾಬ ನಿನ್ನೆ ನನ್ನ ಬೋರ್ಡಿಗೆ ಬಿಳಿ ಬಣ್ಣ ಬಳಿದಿದ್ದಾನೆ. ಒಣಗಲಿ, ಸೋಮವಾರ ಬಂದು ಅಂಕಿ ಬರೆಯುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಆದೇಶ ಹೊರಡಿಸಿ: ಬೋರ್ಡಿನಲ್ಲಿ ಬರೆದದ್ದೇ ಕಡೆಯ ದರ. ಆಗದಿದ್ದರೆ ತಮ್ಮ ಕಚೇರಿಯ ಮೊಹರು ಒತ್ತಿ ಒಂದೇ ಒಂದು ಸಾಲು ಬರೆದು ಕಳಿಸಿ: ನಾನು ಉಳ್ಳಾಗಡ್ಡಿಗೆ ಎಷ್ಟು ಹಾಕಲಿ?

ಇಂತಿ,
ಸೋಮವಾರದ ತನಕವಾದರೂ ನಂಬಿಕಸ್ತಳು,
ದೇವಕಮ್ಮ, ಖಾನಾವಳಿಯವಳು
ಶಹಾಪುರ