ಊಟಕ್ಕೆ ಮುಂಚಿನ ಪ್ರಾರ್ಥನೆ

ಮಾರ್ಚ್ ೯, ಭಾನುವಾರ

ಅಪ್ಪ ಹೋದ ಮೇಲೆ ಊಟದ ಪ್ರಾರ್ಥನೆ ಮಾಡುವವಳು ನಾನು. ಇವತ್ತು ಅಮ್ಮ ಅದನ್ನು ಮಾಡಲು ತಂಗಿಗೆ ಹೇಳಿದಳು. ತಂಗಿ ಚರ್ಚಿನ ಮೆಟ್ಟಿಲು ತುಳಿದು ಎಷ್ಟೋ ವರ್ಷವಾಯಿತು.

"ಯೇಸಪ್ಪಾ, ಅಕ್ಕ ಬೆಳಗಿಂದ ಒಲೆ ಮುಂದೆ ಬೆಂದಿದ್ದಾಳೆ. ಅವಳ ಕೈಗೆ ಒಂಚೂರು ರೆಸ್ಟ್ ಕೊಡು. ಬಾಯಿಗೂ ಕೊಡು" ಎಂದಳು.

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಆಮೆನ್ ಕಣೇ! ನಿಮ್ಮಕ್ಕ ಶುರು ಮಾಡಿದ್ರೆ ಊಟ ಆರಿಹೋಗತ್ತೆ."

ನನ್ನ ಪ್ರಾರ್ಥನೆಯಲ್ಲಿ ಒಂದು ಪದವೂ ತಪ್ಪುವುದಿಲ್ಲ, ಕೀರ್ತನೆಯ ವಚನವೂ ಇರುತ್ತದೆ. ಅದಕ್ಕೆ ಅಮ್ಮ ಎಂದೂ ಕಣ್ಣೊರೆಸಿಕೊಂಡಿಲ್ಲ.

ದೇವರ ವಿಷಯದಲ್ಲೂ ಹೊಟ್ಟೆಕಿಚ್ಚೇ ಎಂದು ಪಾತ್ರೆ ತೊಳೆಯುತ್ತ ಕೇಳಿಕೊಂಡೆ. ಹೌದು, ಅದರಲ್ಲೇ ಹೆಚ್ಚು.

ಈಗಷ್ಟೇ ಮಂಡಿಯೂರಿ ಕೂತಿದ್ದೆ. ಕಲಿತ ಮಾತೊಂದೂ ಬಾಯಿಗೆ ಬರಲಿಲ್ಲ. ಕೊನೆಗೆ "ಯೇಸಪ್ಪಾ" ಎಂದೆ, ಥೇಟ್ ಅವಳ ಹಾಗೆಯೇ. ಅದನ್ನೂ ಅವಳಿಂದಲೇ ಎರವಲು ತರಬೇಕಾಯಿತಲ್ಲ, ನಾನು...