ಕೂಗದೆ ಬಿಟ್ಟ ಸಂಖ್ಯೆ

ರಾಯಪುರಂ, ಮದರಾಸು
ಆಗಸ್ಟ್ ೧೯೬೭

ಅಣ್ಣಾ,

ಕ್ಷೇಮ ಕೇಳುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಎದೆನೋವೆಂದು ಕೂತವನು ನೀನು ಏಳಲೇ ಇಲ್ಲ. ಹದಿಮೂರನೆಯ ದಿನದ ಊಟ ಮುಗಿದು ಈಗ ವಾರವಾಯಿತು. ಬಂದವರೆಲ್ಲ ನಾನು ಅಳುವುದನ್ನೇ ಕಾದರು. ನಾನು ಎಲೆ ಹಾಕಿದೆ, ಬಡಿಸಿದೆ, ಎಲೆ ತೆಗೆದೆ. ಇವಳದ್ದು ಕಲ್ಲು ಮನಸ್ಸು ಎಂದರಂತೆ. ಅನ್ನಲಿ ಬಿಡು, ನನಗೂ ಹಾಗೇ ಅನ್ನಿಸುತ್ತಿದೆ.

ನಿನಗೆ ಹೇಳದೆ ಉಳಿದದ್ದು ಒಂದಿದೆ.

ಏಕಾದಶಿಯ ದಿನ ಒಲೆ ಹಚ್ಚುವ ಕೆಲಸವಿರಲಿಲ್ಲವಲ್ಲ. ಸಂಜೆ ನೀನು ಹಾರ್ಬರ್ ಆಫೀಸಿನಿಂದ ಬಂದು, ಸ್ನಾನ ಮಾಡಿ, ಮಡಿಯುಟ್ಟು, ಸಂಖ್ಯೆಗಳನ್ನು ಸಾಲಾಗಿ ಬರೆದಿಟ್ಟ ಆ ದೊಡ್ಡ ಪುಸ್ತಕ ಬಿಡಿಸಿ ನನ್ನನ್ನೂ ಜೊತೆಗೆ ಕೂರಿಸಿಕೊಳ್ಳುತ್ತಿದ್ದೆ. ಹನ್ನೊಂದು–ಹದಿಮೂರು, ಹದಿನೇಳು–ಹತ್ತೊಂಬತ್ತು: ಎರಡರ ಅಂತರದಲ್ಲಿ ಜೋಡಿಯಾಗಿ ಕೂತ ಅವಿಭಾಜ್ಯ ಸಂಖ್ಯೆಗಳು. ಮುಂದೆ ಹೋದಂತೆಲ್ಲ ವಿರಳವಾಗುವ ಈ ಅವಳಿಗಳು ಎಲ್ಲಾದರೂ ಮುಗಿದೇ ಹೋಗುತ್ತವೆಯೇ, ಅಥವಾ ಅವಕ್ಕೆ ಕೊನೆಯೇ ಇಲ್ಲವೇ? ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಹೇಳುವಾಗ, ಹೊಟ್ಟೆ ಖಾಲಿಯಿದ್ದರೂ ನಿನ್ನ ಮುಖ ಹಬ್ಬದೂಟ ಉಂಡವನ ಹಾಗಿರುತ್ತಿತ್ತು.

ಐವತ್ತೆಂಟರ ಆ ಏಕಾದಶಿಗೆ ನಾನು ಹೊರಗಾಗಿದ್ದೆ. ಮೂರು ದಿನ ಹಿತ್ತಲ ಜಗಲಿಯಲ್ಲಿ ಕೂತವಳು ನಿನ್ನ ಮಡಿಯ ಪುಸ್ತಕ ಮುಟ್ಟುವಂತಿರಲಿಲ್ಲ. ಇವತ್ತು ಲೆಕ್ಕ ಬೇಡ ಎಂದು ಅಮ್ಮ ಗೊಣಗಿದಳು.

“ಮಾತಿಗೆ ಯಾವ ಮೈಲಿಗೆ ಅಮ್ಮ? ಅವಳು ಅಲ್ಲಿಂದ್ಲೇ ಕೂಗ್ಲಿ, ನಾನು ಸಂಖ್ಯೆ ಹೊಡೀತೀನಿ” ಎಂದೆ ನೀನು.

ಅಂದು ಇಪ್ಪತ್ತೊಂಬತ್ತರ ಮಗ್ಗಿಯ ಸರದಿ. ನಾನು ಇಪ್ಪತ್ತೊಂಬತ್ತು ಕೂಡಿಸುತ್ತ ಕೂಗಬೇಕು, ನೀನು ಆ ಸಂಖ್ಯೆಗಳನ್ನು ಹೊಡೆದುಹಾಕಬೇಕು. ಎಲ್ಲ ಮಗ್ಗಿಗಳೂ ಮುಗಿದ ಮೇಲೆ ಹೊಡೆಯದೆ ಉಳಿದದ್ದೇ ಅವಿಭಾಜ್ಯ. ಹತ್ತು ಸಾವಿರದ ಮೂವತ್ತನಾಲ್ಕು ಎಂದೆ. ಅಷ್ಟರಲ್ಲಿ ಪಕ್ಕದ ಮನೆಯ ಗೋದಾಬಾಯಿ ಗೋಡೆಯಾಚೆಯಿಂದ ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳಿದರು. ಅವರಿಗೆ ಉತ್ತರ ಕೊಡುತ್ತಲೇ ಮನಸ್ಸಿನಲ್ಲಿ ಕೂಡಿಸಿಕೊಂಡೆ. ಆಮೇಲೆ ಹತ್ತು ಸಾವಿರದ ತೊಂಬತ್ತೆರಡು ಎಂದು ಕೂಗಿದೆ. ನಡುವಿನ ಹತ್ತು ಸಾವಿರದ ಅರವತ್ತಮೂರು ಬಾಯಿಂದ ಹೊರಗೆ ಬಂದಿರಲೇ ಇಲ್ಲ.

ಹೊಡೆಯದೆ ಉಳಿದ ಅದನ್ನು ನೀನು ಹತ್ತು ಸಾವಿರದ ಅರವತ್ತೊಂದರ ಅವಳಿಯೆಂದು ಎಣಿಸಿದೆ. ಅವಳಿಗಳು ವಿರಳವಾಗುವ ರೀತಿಯ ಬಗ್ಗೆ ನಿನ್ನ ಊಹೆ ಬರೆದು, ಪಟ್ಟಿಯ ಸಮೇತ ಒಬ್ಬ ಪ್ರೊಫೆಸರಿಗೆ ಕಳಿಸಿದೆ. ಕಾರ್ಡು ಬಂತು: ೧೦೦೬೩ ಎಂದರೆ ೨೯ × ೩೪೭, ಇಂಥ ಪಟ್ಟಿಯನ್ನು ನಂಬಿ ಮುಂದೆ ಓದಲಾರೆ. ನೀನು ಎರಡು ಸಲ ಓದಿ, ನನ್ನ ಕಣ್ಣು ತಪ್ಪಿತು ಎಂದೆ. ಪುಸ್ತಕ ಅಟ್ಟ ಸೇರಿತು.

ತಪ್ಪಿದ್ದು ನನ್ನ ಬಾಯಿ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಹೇಳಲಿಲ್ಲ. ಹೇಳಿದ್ದರೆ ಅಮ್ಮ ಮೈಲಿಗೆಯ ಫಲ ನೋಡು ಎನ್ನುತ್ತಿದ್ದಳು, ನಿನ್ನ ಮಾತು ಸೋಲುತ್ತಿತ್ತು ಎಂದು ಒಂಬತ್ತು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ ಹೆದರಿದ್ದೆ, ಅಷ್ಟೇ. ಆಮೇಲಿನ ಏಕಾದಶಿಗಳಲ್ಲಿ ನೀನು ಸುಮ್ಮನೆ ಪೇಪರು ಓದುತ್ತ ಕೂರುತ್ತಿದ್ದೆ. ನಾನು ಬಟ್ಟೆ ಮಡಿಸುತ್ತಿದ್ದೆ.

ನಿನ್ನೆ ಅಕ್ಕಿ ಆರಿಸುವಾಗ ಅಮ್ಮನಿಗೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

“ಕಾರ್ಡು ಬಂದ ದಿನಾನೇ ಅವನಿಗೆ ಗೊತ್ತಾಯ್ತು ಕಣೇ. ಒಂದು ಬಿಟ್ಟು ಕೂಗಿದಾಳೆ, ಅವಳಿಗೆ ಹೇಳ್ಬೇಡ ಅಂದ. ಮತ್ತೆ ಪುಸ್ತಕ ತೆಗೆದ್ರೆ ಅವಳ ಕಣ್ಣಿಗೆ ಬೀಳತ್ತೆ, ನೊಂದ್ಕೋತಾಳೆ ಅಂತ ಬಿಟ್ಟೇಬಿಟ್ಟ.”

ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅನ್ನವಾಯಿತು. ಇಬ್ಬರೂ ಊಟ ಮಾಡಿದೆವು.

ಅಣ್ಣಾ, ನನ್ನ ತಪ್ಪು ನನಗೆ ಮೊದಲೇ ಗೊತ್ತಿತ್ತು. ನೀನು ಲೆಕ್ಕ ಬಿಡಬೇಕಾಗಿರಲಿಲ್ಲ.

ಚಿಕ್ಕವಳು ದೊಡ್ಡವನನ್ನು ಹರಸುವ ಪದ್ಧತಿಯಿಲ್ಲ. ಆದರೂ, ಹೋದಲ್ಲಿ ನೆಮ್ಮದಿಯಾಗಿರು.

ನಿನ್ನ ತಂಗಿ,
ಸುಗುಣಾ