ಹೋದ ವರ್ಷದ ಅಳತೆ

ಸೋಮವಾರ, 12

ಅಳತೆಗಳ ಡೇಟಾಬೇಸ್ ಇವತ್ತೂ ತೆರೆಯಲಿಲ್ಲ. ಹಳೆಯ ಕಂಪ್ಯೂಟರ್ ಕೈಕೊಡುವ ಮುಂಚೆ ನಮ್ಮ ಕಾರ್ಖಾನೆಯ ಯಜಮಾನರ ಭಾವಮೈದ ಅದನ್ನು ಹೊಸದಕ್ಕೆ ಸಾಗಿಸಿ, "ಎಲ್ಲಾ ಬಂದಿದೆ" ಎಂದು ಕೈ ತೊಳೆದುಕೊಂಡು ಹೋದರು. ಬಂದಿದೆ, ನಿಜ. ಫಾರಂ ಬಂದಿದೆ, ಬಟನ್ ಬಂದಿದೆ. ಒತ್ತಿದರೆ — ಫೈಲ್ ಸಿಗುತ್ತಿಲ್ಲ. ಅಳತೆ ತುಂಬಿದ ಪ್ರತಿ ಟೇಬಲ್ಲೂ ತನ್ನ ಫೈಲಿಗಾಗಿ ಹಳೆಯ ಕಂಪ್ಯೂಟರಿನ ಡಿ ಡ್ರೈವ್ ಹುಡುಕುತ್ತಿದೆ. ಹೊಸದರಲ್ಲಿ ಡಿ ಡ್ರೈವೇ ಇಲ್ಲ.

ಕೃತಕ ಕಾಲು ಮಾಡುವ ಜಾಗ ಇದು. ಅಳತೆಯೇ ಸಿಗದಿದ್ದರೆ ಮೇಸ್ತ್ರಿ ಏನು ಕತ್ತರಿಸಬೇಕು? ಆಗಾಗ ಬಂದು ಇಣುಕುತ್ತಾರೆ. "ಏನಮ್ಮ, ಎದ್ದನಾ ನಿನ್ನ ಕುಂಭಕರ್ಣ?"

ಶನಿವಾರ ಗುಬ್ಬಿಯ ಕಾಲು ಕೊಡಬೇಕು. ಅವಳ ಹೆಸರು ಬೇರೆ, ಗುಬ್ಬಿ ಅನ್ನುವುದು ನಾನು. ಹಳೆಯ ಕೃತಕ ಕಾಲು ಸೀಳು ಬಿಟ್ಟಾಗಿನಿಂದ ಊರುಗೋಲು. ಹೋದ ತಿಂಗಳು ಅಳತೆ ತೆಗೆದಾಗ ನಾನೇ ಟೈಪ್ ಮಾಡಿದ್ದೆ. ಮುಂದಿನ ಸೋಮವಾರ ಅವಳಿಗೆ ಹೊಸ ಶಾಲೆ. "ಕೋಲು ಹಿಡ್ಕೊಂಡು ಮಾತ್ರ ಹೋಗಲ್ಲ ಅಕ್ಕ. ಎಲ್ರೂ ಮೊದ್ಲು ಕೋಲು ನೋಡ್ತಾರೆ, ಆಮೇಲೆ ನನ್ನ."

ಮಂಗಳವಾರ, 13

ತಮ್ಮನಿಗೆ ಫೋನ್. "ಲಿಂಕ್ಡ್ ಟೇಬಲ್ ಮ್ಯಾನೇಜರ್ ತೆಗಿ ಅಕ್ಕ, ಎಲ್ಲಕ್ಕೂ ಟಿಕ್ ಹಾಕು, ಫೈಲ್ ಎಲ್ಲಿದೆ ಅಂತ ಹೊಸ ದಾರಿ ತೋರ್ಸು. ಅಷ್ಟೇ." ಅಷ್ಟೇ ಅನ್ನುವವರು ಯಾವಾಗಲೂ ದೂರದಲ್ಲೇ ಇರುತ್ತಾರೆ.

ಹುಡುಕಿದೆ. ಅದೇ ಹೆಸರಿನ ಫೈಲ್ ಕಂಡಿತು, ಒತ್ತಿದೆ. ಟೇಬಲ್‌ಗಳೆಲ್ಲ ತೆರೆದವು. ಗುಬ್ಬಿಯ ಅಳತೆ ಪ್ರಿಂಟ್ ತೆಗೆದು ಮೇಸ್ತ್ರಿಗೆ ಕೊಟ್ಟೆ.

ಮನೆಯಲ್ಲಿ ಅತ್ತೆ — "ಬೆನ್ನು ಬಿಲ್ಲಾಗಿದೆ ನಿಂದು. ಕಾಲು ಮಾಡೋರು ಬೆನ್ನೂ ಮಾಡ್ತಾರಾ, ಕೇಳಿ ನೋಡು." ನಗಲೂ ತ್ರಾಣ ಇರಲಿಲ್ಲ.

ಶುಕ್ರವಾರ, 16. ಸಂಜೆ

ಕಂಪ್ಯೂಟರಿನ ಹಿಂದೆ ಒಂದು ಪೆನ್ ಡ್ರೈವ್ ಸಿಕ್ಕಿಸಿತ್ತು. ಯಜಮಾನರು ಎಳೆದುಕೊಂಡರು. "ನಮ್ಮ ಭಾವಮೈದ ಮರೆತು ಹೋಗಿದಾನೆ, ಕೊಟ್ಬಿಡ್ತೀನಿ." ಅವರು ಬಾಗಿಲು ದಾಟುವಷ್ಟರಲ್ಲಿ ಪರದೆಯ ಮೇಲೆ ಎಲ್ಲ ಟೇಬಲ್‌ಗಳೂ ಮತ್ತೆ ಕೈಕೊಟ್ಟವು — ಫೈಲ್ ಸಿಗುತ್ತಿಲ್ಲ.

ಲಿಂಕ್‌ಗಳ ದಾರಿ ನೋಡಿದೆ. ಎಲ್ಲ ಪೆನ್ ಡ್ರೈವಿಗೇ. ಅದರಲ್ಲಿದ್ದದ್ದು ಹೋದ ವರ್ಷದ ಬ್ಯಾಕಪ್. ಅಸಲು ಫೈಲ್ ಅದೇ ಹೆಸರಿಟ್ಟುಕೊಂಡು ಸಿ ಡ್ರೈವಿನಲ್ಲಿ ತೆಪ್ಪಗೆ ಕೂತಿದೆ... ತೆರೆದರೆ ಸಾಕು ಎಂಬ ಆತುರ ನನಗೆ.

ಲಿಂಕ್ ತಿದ್ದಿ ಗುಬ್ಬಿಯ ಅಳತೆ ತೆಗೆದೆ. ಮಂಗಳವಾರ ಕೊಟ್ಟ ಪ್ರಿಂಟಿನಲ್ಲಿದ್ದದ್ದು ಹೋದ ವರ್ಷದ್ದು, ಇದು ಅದಕ್ಕಿಂತ ಎರಡು ಬೆರಳು ಹೆಚ್ಚು. ಮೇಸ್ತ್ರಿಯ ಹತ್ತಿರ ಓಡಿದೆ. ಕಾಲಿನ ಉದ್ದಕ್ಕೆ ಕೂರಿಸುವ ಕೊಳವೆ ಬೆಳಿಗ್ಗೆಯೇ ಆ ಗಿಡ್ಡ ಅಳತೆಗೆ ಕತ್ತರಿಸಿ ಆಗಿತ್ತು. ಬೇರೆ ಕೊಳವೆ ಬರಲು ಎರಡು ವಾರ.

ಶನಿವಾರ, 17

ಗುಬ್ಬಿ, ಅವಳ ಅಮ್ಮ ಬಂದರು. ಕಾಲು ಎರಡು ಬೆರಳು ಗಿಡ್ಡವಾದದ್ದು, ಇನ್ನೂ ಎರಡು ವಾರ ತಡ ಎನ್ನುವುದು, ಎಲ್ಲ ನಾನೇ ಹೇಳಿದೆ. "ಟೇಪ್ ಹಿಡಿದು ನೋಡ್ಬೇಕಿತ್ತು, ನಂದೂ ತಪ್ಪು" ಎಂದರು ಮೇಸ್ತ್ರಿ.

ಗುಬ್ಬಿಯ ಮುಖ ಅರಳಿತು. "ಅಂದ್ರೆ ನಾನು ಅಷ್ಟು ಉದ್ದ ಆಗಿದೀನಾ ಅಕ್ಕ?"

"ಹೂಂ ಪುಟ್ಟ."

ಕೋಲಿನ ಹಿಡಿ ಸವರುತ್ತ — "ಹಾಗಾದ್ರೆ ಸೋಮವಾರ ಕೋಲಲ್ಲೇ ಹೋಗ್ಬೇಕು, ಅಲ್ವಾ?"

ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಸೋಮವಾರ, 19

ಬಸ್ಸಿನಿಂದ ಕಂಡಳು. ಕೋಲೂರಿಕೊಂಡು ಶಾಲೆಯ ಗೇಟಿನ ಹೊರಗೆ ನಿಂತಿದ್ದಳು, ಎಲ್ಲರೂ ಒಳಗೆ ಹೋಗಿ ಮುಗಿಯಲಿ ಎಂದು. ಇನ್ನೇನು ಬರೆಯಲಿ.

ಗುರುವಾರ, 29. ಮಧ್ಯಾಹ್ನ

ಬೆಳಿಗ್ಗೆ ಕೊಳವೆ ಬಂತು, ಗುಬ್ಬಿಯೂ ಬಂದಳು. ಮೇಸ್ತ್ರಿ ಮೊದಲು ಟೇಪ್ ಹಿಡಿದರು, ಆಮೇಲೆ ಪ್ರಿಂಟ್ ಕೇಳಿದರು. ಎರಡೂ ತಾಳೆಯಾದ ಮೇಲೇ ಕತ್ತರಿಸಿದರು. ಈಗ ಒಳಗೆ ಅವಳಿಗೆ ಕಾಲು ಕಟ್ಟುತ್ತಿದ್ದಾರೆ. ನಾನು ಹೋಗಲಿಲ್ಲ, ಧೈರ್ಯ ಸಾಲದು. ಕೂತಲ್ಲೇ ಟೇಬಲ್ಲಿನ ದಾರಿ ನೋಡುತ್ತಿದ್ದೇನೆ. ಸಿ ಡ್ರೈವ್. ಸರಿಯಿದೆ. ಮತ್ತೆ ನೋಡಿದೆ. ಸರಿಯಿದೆ.

ಮೇಸ್ತ್ರಿಯ ದನಿ — "ಭಾರ ಬಿಡು... ಹೆದರ್ಬೇಡ, ಇನ್ನೂ ಬಿಡು."

ಒಂದು ಹೆಜ್ಜೆ. ತಡೆದು ಇನ್ನೊಂದು. ಎರಡರ ಸದ್ದೂ ಒಂದೇ ಥರ. ಕೋಲಿನ ಟಕ್ ಇಲ್ಲ. ಈ ಕಡೆಗೇ ಬರುತ್ತಿದ್ದಾ—